ಇಬ್ಬರು ಮರಿಯಾ, ಒಂದು ಸಾಲು

ಸ್ಯಾನ್ ಹೋಸೆ
ಜೂನ್ 14, 2023

ಪ್ರೀತಿಯ ವಿನ್ನಿ,

ನಿನ್ನ ಪತ್ರ ಅಡುಗೆಮನೆಯ ಕಿಟಕಿಯಲ್ಲಿ, ಟೊಮೇಟೊ ಸಸಿಗಳ ಪಕ್ಕ, ಯಾವಾಗಿನಿಂದಲೋ ನನ್ನ ಮುಖವನ್ನೇ ನೋಡುತ್ತ ಕೂತಿದೆ. ಉತ್ತರ ಬರೆಯಲಿಲ್ಲವೆಂದು ಬೈದುಕೊಂಡಿರುತ್ತೀಯ. ಬೈಸಿಕೊಳ್ಳಲು ನಾನು ಸಿದ್ಧ. ಆದರೆ ನನ್ನ ಹತ್ತಿರ ಒಂದು ಸಬೂಬಿದೆ, ಇಂಥದ್ದನ್ನು ನಿನ್ನ ಇಷ್ಟು ವಯಸ್ಸಿನಲ್ಲಿ ಯಾರೂ ನಿನಗೆ ಹೇಳಿರಲಿಕ್ಕಿಲ್ಲ. ನಾನು ಸತ್ತುಹೋಗಿದ್ದೇನೆ. ಮಾರ್ಚ್ 22ನೇ ತಾರೀಕು ತೀರಿಕೊಂಡೆನಂತೆ, ನನ್ನಕ್ಕ ಕಾರ್ಮೊ ಹೋದ ದಿನವೇ.

ಮೊದಲು ಅವಳ ವಿಷಯ ಹೇಳಿಬಿಡುತ್ತೇನೆ. ನೀನು ಆಸ್ಟೋರಿಯಾದಿಂದ ಕಳಿಸಿದ ಬಿಳಿ ಹೂವು ಹೊತ್ತಿಗೆ ಸರಿಯಾಗಿ ಬಂತು, ಇಗರ್ಜಿಯಲ್ಲಿ ಅವಳ ತಲೆದೆಸೆಗೆ ಅದನ್ನೇ ಇಟ್ಟೆವು. ನಮ್ಮ ದ್ವೀಪದ ಮುದುಕಿಯರೆಲ್ಲ ಬಂದಿದ್ದರು. ನನ್ನನ್ನು ಬಾಗಿಲಲ್ಲಿ ಕಂಡು ಒಬ್ಬಳಂತೂ ಶಿಲುಬೆಯ ಗುರುತು ಹಾಕಿಕೊಂಡಳು. ಪೆಟ್ಟಿಗೆಯಲ್ಲಿ ಮಲಗಿದ್ದ ಮುಖವೇ ಎದ್ದು ಬಂದು ಕೈ ಕುಲುಕಿದರೆ ಅವಳಾದರೂ ಏನು ಮಾಡಿಯಾಳು, ಅವಳಿ ಎಂಬುದು ಮರೆತಿರಬೇಕು. ಕಾರ್ಮೊಳ ಮಗ ಗಿಲ್ ಎಲ್ಲರ ಮುಂದೆ ಅಳಲಾರದೆ ಹಿಂದಿನ ಕೋಣೆಯಲ್ಲಿ ಕಾಫಿ ಲೋಟಗಳನ್ನು ತೊಳೆದದ್ದೇ ತೊಳೆದದ್ದು. ನಾನಂತೂ ನಾಚಿಕೆ ಬಿಟ್ಟು ಅತ್ತುಬಿಟ್ಟೆ.

ನನ್ನ ಸಾವಿನ ಸುದ್ದಿ ನನಗೆ ತಿಳಿದದ್ದು ಔಷಧಿ ಅಂಗಡಿಯಲ್ಲಿ.

"ಈ ಮಾತ್ರೆ ಯಾರಿಗೆ ಮೇಡಂ?" ಎಂದು ಅಲ್ಲಿಯ ಹುಡುಗಿ ಕೇಳಿದಳು.

"ನಂಗೇ ಕಣಮ್ಮ."

ಅವಳು ಪರದೆ ನೋಡಿದಳು, ನನ್ನನ್ನು ನೋಡಿದಳು, ಮತ್ತೆ ಪರದೆ ನೋಡಿದಳು. "ಇದ್ರಲ್ಲಿ ನೀವು ತೀರ್ಕೊಂಡಿದ್ದೀರ ಅಂತ ಬರ್ತಿದೆ. ವಿಮೆ ನಿಲ್ಸಿಬಿಟ್ಟಿದಾರೆ. ಸಾರಿ."

"ಸಾರಿ ಯಾಕಮ್ಮ, ನಾನಿನ್ನೂ ನಿಂತಿದೀನಲ್ಲ ಇಲ್ಲಿ."

"ನಂಗೆ ಕಾಣ್ತಿದೀರ ಮೇಡಂ. ಇದಕ್ಕೆ ಕಾಣ್ತಿಲ್ಲ."

ಆಗ ನಗು ಬಂತು. ಬ್ಯಾಂಕಿನ ಕಾರ್ಡು ನಿಂತಾಗಲೂ ಹೇಗೋ ನಕ್ಕೆ. ಹೋದ ವಾರ ಡಾಕ್ಟರ್ ಒಹಾನಿಯನ್ ನನ್ನ ಎದೆಯ ಚಿತ್ರಗಳನ್ನು ಗೋಡೆಯ ಮೇಲೆ ತೋರಿಸಿ, ಹೃದಯದ ಕವಾಟ ತೀರ ಕಿರಿದಾಗಿದೆ, ಚಳಿಗಾಲದೊಳಗೆ ಎದೆ ತೆರೆದು ಬದಲಾಯಿಸದಿದ್ದರೆ ನಾನು ಯಾವ ಮಾತನ್ನೂ ಕೊಡಲಾರೆ ಎಂದರು. ಆಪರೇಷನ್ನಿಗೆ ದಿನ ಗೊತ್ತುಮಾಡಲು ಹೋದರೆ ಅಲ್ಲಿಯೂ ನಾನು ಸತ್ತಿದ್ದೇನೆ. ಸತ್ತವಳ ಕವಾಟಕ್ಕೆ ಯಾವ ವಿಮೆಯವರು ಒಪ್ಪುತ್ತಾರೆ? ಈಗ ನನಗೆ ನಗು ಬರುತ್ತಿಲ್ಲ.

ಇದು ಹೇಗಾಯಿತೆಂದು ನನಗೆ ಚೆನ್ನಾಗಿ ಗೊತ್ತು. ಅದೇ ಹೊಟ್ಟೆಯುರಿ. ನಮ್ಮ ಫಯಾಲ್ ದ್ವೀಪದಲ್ಲಿ ದೇವಮಾತೆಯ ಹೆಸರಿಡದೆ ಹೆಣ್ಣುಮಗುವಿಗೆ ಜ್ಞಾನಸ್ನಾನ ಮಾಡಿಸುವ ಪದ್ಧತಿ ಇರಲಿಲ್ಲ. ಅಮ್ಮ ಇಬ್ಬರಿಗೂ ಮರಿಯಾ ಎಂದೇ ಇಟ್ಟಳು. ಮೊದಲು ಹುಟ್ಟಿದವಳು ಮರಿಯಾ ದೊ ಕಾರ್ಮೊ, ಹಿಂದೆಯೇ ಬಂದ ನಾನು ಮರಿಯಾ ದೆ ಫಾತಿಮಾ. ಗುರುತು ಸಿಗಲೆಂದು ಕಾರ್ಮೊಳ ಮಣಿಕಟ್ಟಿಗೆ ಕೆಂಪು ಉಣ್ಣೆಯ ದಾರ ಕಟ್ಟಿದ್ದಳಂತೆ. ಜ್ವಾಲಾಮುಖಿ ನಮ್ಮ ಹೊಲವನ್ನೆಲ್ಲ ಬೂದಿಯಲ್ಲಿ ಮುಚ್ಚಿದ ಮೇಲೆ ಇಲ್ಲಿಗೆ ಬಂದೆವಲ್ಲ, ಇಲ್ಲಿನ ಗುಮಾಸ್ತರು ಇಬ್ಬರನ್ನೂ 'ಮರಿಯಾ ದುತ್ರಾ' ಎಂದು ಬರೆದುಕೊಂಡರು. ಉಳಿದದ್ದು ಕೆಲವು ಕಡೆ ಒಂದು ಅಕ್ಷರವಾಯಿತು, ಕೆಲವು ಕಡೆ ಅದೂ ಇಲ್ಲ. ಹಣ್ಣು ಹೆಚ್ಚಿ ಡಬ್ಬಿಗೆ ತುಂಬುವ ಕ್ಯಾನರಿಯ ಕೆಲಸಕ್ಕೆ ಸರ್ಕಾರದ ನಂಬರು ಬೇಕೆಂದಾಗ ಒಟ್ಟಿಗೆ ಹೋಗಿ ಮಾಡಿಸಿದೆವು, ಹಾಗಾಗಿ ನಮ್ಮ ನಂಬರಿನ ಕೊನೆಯ ಅಂಕೆ ಮಾತ್ರ ಬೇರೆ. ಗಂಡ ಬಿಟ್ಟುಹೋದ ಮೇಲೆ ಕಾರ್ಮೊ ಅವನ ಅಡ್ಡಹೆಸರನ್ನೂ ಕಿತ್ತೆಸೆದು ಗಿಲ್‌ನನ್ನು ಎತ್ತಿಕೊಂಡು ನನ್ನ ಮನೆಗೇ ಬಂದಳು. ಹೆಸರು ಒಂದು, ಹುಟ್ಟಿದ ದಿನ ಒಂದು, ಮನೆ ಒಂದು. ಎಲ್ಲಿಯದೋ ಒಂದು ಕಂಪನಿಯಂತೆ, ಬ್ಯಾಂಕು, ವಿಮೆ, ಸರ್ಕಾರ ಎಲ್ಲರ ದಾಖಲೆ ಕೊಂಡು ಒಟ್ಟುಗೂಡಿಸಿ ಮತ್ತೆ ಅವರಿಗೇ ಮಾರುತ್ತದೆ. ಅದರ ಪ್ರೋಗ್ರಾಮು ನಮ್ಮಿಬ್ಬರನ್ನು ನೋಡಿ, ಇದು ಒಬ್ಬಳೇ ಹೆಂಗಸು, ಯಾರೋ ಕೊನೆಯ ಅಂಕೆಯನ್ನು ತಪ್ಪಾಗಿ ಒತ್ತಿದ್ದಾರೆ ಎಂದು ತೀರ್ಮಾನಿಸಿತು.

ಇದನ್ನು ಕೇಳಿದಾಗ ನನಗೆ ನೆನಪಾದದ್ದು ನೀನು. ಬೆಟ್ಟದ ಬುಡದ ನಮ್ಮ ಕಂಪ್ಯೂಟರ್ ಲ್ಯಾಬು, ಕಿಟಕಿಯಾಚೆ ಪ್ಲಮ್ ತೋಟ, ನಿನ್ನ ಕೈಯಲ್ಲಿ ಸೀಮೆಸುಣ್ಣ. ನಮಗಿಂತ ಮೊದಲು ಏನಾದರೂ ಹುಡುಕಬೇಕಾದರೆ ಯಾವ ಬಾಗಿಲಲ್ಲಿ ಹೊಕ್ಕು ಯಾವ ಕೊಂಡಿ ಹಿಡಿದು ಎಲ್ಲಿ ತಿರುಗಬೇಕೆಂದು ಯಂತ್ರಕ್ಕೆ ಮನುಷ್ಯರೇ ಹೇಳಬೇಕಿತ್ತು. ನಾವು ಅದನ್ನೆಲ್ಲ ಕಿತ್ತುಹಾಕಿ ಬರೀ ಕೋಷ್ಟಕ ಮಾಡಿದೆವು, ಸಾಲು ಮತ್ತು ಕಾಲಮ್ಮು. ಏನು ಬೇಕೆಂದು ಕೇಳಿದರೆ ಸಾಕು, ಹುಡುಕುವ ದಾರಿ ಯಂತ್ರದ ತಲೆನೋವು. ರಿಲೇಶನಲ್ ಡೇಟಾಬೇಸ್ ಎಂದರೆ ಆಗ ಹೊರಗೆ ಎಲ್ಲರೂ ನಗುತ್ತಿದ್ದರು. ಪರೀಕ್ಷೆಗೆಂದು ನಾನು ನನ್ನದೂ ಕಾರ್ಮೊಳದೂ ಹೆಸರು, ಹುಟ್ಟಿದ ದಿನ, ವಿಳಾಸ ತುಂಬಿದೆ. ನೀನು ಹಲಗೆಯ ಮೇಲೆ ಎರಡನ್ನೂ ಬರೆದು ಒಂದನ್ನು ಒರೆಸಿಬಿಟ್ಟೆ.

"ಎಲ್ಲಾ ಕಾಲಮ್ಮೂ ಒಂದೇ ಆದ್ರೆ ಅದು ಎರಡು ಸಾಲಲ್ಲ ಮರಿಯಾ, ಒಂದೇ ಸಾಲು. ಗಣಿತದ ಪ್ರಕಾರ ನೀನೂ ನಿನ್ನಕ್ಕನೂ ಒಬ್ರೇ" ಎಂದೆ.

ಮನೆಗೆ ಹೋಗಿ ಹೇಳಿದೆ. ಕಾರ್ಮೊ ಆಗತಾನೆ ಕ್ಯಾನರಿಯಿಂದ ಬಂದು ಪೀಚ್ ಹಣ್ಣಿನ ಅಂಟು ತೊಳೆದುಕೊಳ್ಳುತ್ತಿದ್ದಳು. "ಹಾಗಾದ್ರೆ ಫಾತಿ, ನಾಳೆಯಿಂದ ಹಣ್ಣು ಹೆಚ್ಚೋಕೆ ನೀನು ಹೋಗು, ಕುರ್ಚಿ ಮೇಲೆ ಕೂರೋಕೆ ನಾನು ಹೋಗ್ತೀನಿ. ಯಾರಿಗಾದ್ರೂ ಗೊತ್ತಾದ್ರೆ ಕೇಳು" ಎಂದಳು. ಮಾರನೆಯ ದಿನ ಲ್ಯಾಬಿನಲ್ಲಿ ನಾವು ಪ್ರತಿ ಸಾಲಿಗೂ ಒಂದು ಬೇರೆ ನಂಬರು ಕೊಟ್ಟೆವು, ಅದಕ್ಕೆ ಕೀಲಿ ಎಂದೆವು. ಕೀಲಿ ಬೇರೆಯಾದರೆ ಮನುಷ್ಯರು ಬೇರೆ, ಅಲ್ಲಿಗೆ ಜಗಳ ಮುಗಿದಿತ್ತು. ಆ ಕೀಲಿಯನ್ನೇ ತಪ್ಪು ಎನ್ನುವ ಪ್ರೋಗ್ರಾಮು ಮುಂದೊಂದು ದಿನ ಬರುತ್ತದೆಂದು ನಮಗೇನು ಗೊತ್ತಿತ್ತು.

ನಾಳೆ ಸರ್ಕಾರಿ ಕಚೇರಿಗೆ ಹೋಗುತ್ತೇನೆ. ಪಾಸ್‌ಪೋರ್ಟ್ ಇದೆ, ಮೈಯಿದೆ, ಬಾಯಿಯಂತೂ ಇದ್ದೇ ಇದೆ.

ನಿನ್ನ
ಮರಿಯಾ

---

ಸ್ಯಾನ್ ಹೋಸೆ
ಆಗಸ್ಟ್ 29

ಪ್ರೀತಿಯ ವಿನ್ನಿ,

ನಿನ್ನ ಮಂಡಿಯ ಸುದ್ದಿ ಕೇಳಿ ಬೇಸರವಾಯಿತು. ಮೆಟ್ಟಿಲು ಹತ್ತಬೇಡವೆಂದು ನಿನ್ನ ಮಗಳು ಹೇಳಿದರೆ ಕೇಳು, ಅವಳು ನಿನ್ನ ಹಾಗೆ ಹಟಮಾರಿ, ನೀನು ಗೆಲ್ಲುವುದಿಲ್ಲ. ನನಗೂ ಹಿತ್ತಿಲ ಮೆಟ್ಟಿಲಲ್ಲಿ ಅರ್ಧಕ್ಕೇ ನಿಲ್ಲುವುದು ಅಭ್ಯಾಸವಾಗಿದೆ. ನಿಂತು, ಟೊಮೇಟೊ ನೋಡುತ್ತಿದ್ದೇನೆಂದು ನಟಿಸುತ್ತೇನೆ.

ಕಚೇರಿಯ ಕಥೆ ಹೇಳಬೇಕು ನಿನಗೆ. ಕಿಟಕಿಯ ಹಿಂದೆ ಕೂತಿದ್ದವನು ಒಳ್ಳೆಯವನೇ.

"ಮೃತರಿಗೆ ನೀವು ಏನಾಗ್ಬೇಕು?" ಎಂದು ಕೇಳಿದ.

"ನಾನೇ ಮೃತಳು."

"ಮರಣಪತ್ರ ತಂದಿದೀರಾ?"

"ಸತ್ತೇ ಇಲ್ಲ ಅಂದ್ಮೇಲೆ ಎಲ್ಲಿಂದ ತರ್ಲಪ್ಪ?"

ಅವನು ತಲೆ ಕೆರೆದುಕೊಂಡು, ನನ್ನ ಪಾಸ್‌ಪೋರ್ಟನ್ನು ತಿರುವಿ ಹಾಕಿ, ತನ್ನ ಮೇಲಿನವಳನ್ನು ಕರೆದು, ಕೊನೆಗೂ ನನ್ನನ್ನು ಬದುಕಿಸಿದ. ಬರುವಾಗ ಬೇಕರಿಯಲ್ಲಿ ಸಿಹಿ ಬ್ರೆಡ್ಡು ಕೊಂಡೆ. ಬ್ರೆಡ್ಡು ಮುಗಿಯುವಷ್ಟರಲ್ಲಿ ನಾನು ಮತ್ತೆ ಸತ್ತಿದ್ದೆ. ಕಚೇರಿಯವರು ತಿದ್ದಿದ್ದನ್ನು ಆ ಕಂಪನಿಯ ಹಳೆಯ ಪ್ರತಿ ಬಂದು ಅಳಿಸಿತು. ಕಂಪನಿಯವರು ತಿದ್ದಿದರೆ ಬ್ಯಾಂಕಿನ ಪ್ರತಿ ಬಂದು ಅಳಿಸುತ್ತದೆ. ಬ್ಯಾಂಕಿನವರನ್ನು ಕೇಳಿದರೆ, ನಮಗೆ ಕಚೇರಿಯಿಂದಲೇ ಬಂದದ್ದು ಅನ್ನುತ್ತಾರೆ. ಒಂದು ಸಂಗತಿ ಒಂದೇ ಕಡೆ ಇರಬೇಕು, ತಿದ್ದಿದರೆ ಒಂದೇ ಸಲ ತಿದ್ದಬೇಕು ಎಂದು ನಾವು ಗಂಟಲು ಹರಿದುಕೊಂಡದ್ದು ಇದಕ್ಕೇ ಅಲ್ಲವೇ? ಯಾರಿಗೆ ಹೇಳಲಿ ಈಗ? ಸಿಟ್ಟು ಬರುತ್ತದೆ, ಸಿಟ್ಟು ಬಂದರೆ ಎದೆ ನೋಯುತ್ತದೆ, ಅದಕ್ಕೆ ಸಿಟ್ಟನ್ನೂ ಮಾಡಿಕೊಳ್ಳುವಂತಿಲ್ಲ.

ವಿಮೆಯವರಿಗೆ ಫೋನು ಮಾಡಿದರೆ ಮನುಷ್ಯರು ಸಿಗುವುದಿಲ್ಲ. ಒಂದು ಯಂತ್ರ ಮಾತಾಡುತ್ತದೆ, ಜೇನಿನಂಥ ದನಿ. ನಾವು ಕಟ್ಟಿದ ಪ್ರಶ್ನೆಯ ಭಾಷೆ ಅದಕ್ಕೆ ಬೇಕಿಲ್ಲ, ಮನೆಮಾತಿನಲ್ಲೇ ಕೇಳಿದರೆ ಉತ್ತರ ಕೊಡುತ್ತದೆ. ಮರಿಯಾ ದುತ್ರಾ ಎಂದೆ. "ನಿಮ್ಮ ಅಗಲಿಕೆಯ ದುಃಖದಲ್ಲಿ ನಾವೂ ಭಾಗಿಗಳು" ಎಂದಿತು. "ನಾನೇ ಮರಿಯಾ" ಎಂದು ಕೂಗಿದೆ. "ಮರಿಯಾ ಅವರು ನಿಮಗೆ ಎಷ್ಟು ಹತ್ತಿರದವರಾಗಿದ್ದರು ಅಂತ ಅರ್ಥವಾಗುತ್ತೆ" ಎಂದಿತು. ಫೋನು ಕೈಯಲ್ಲಿ ಹಿಡಿದುಕೊಂಡು ಅಳುತ್ತ ಕೂತೆ, ಅದು ಪಾಪ ನಾನು ಮುಗಿಸುವವರೆಗೂ ಕಾಯಿತು.

ಗಿಲ್ ಪ್ರತಿ ಭಾನುವಾರ ಸೂಪು ಕುಡಿಯಲು ಬರುತ್ತಾನೆ. ಅವನ ಕಂಪನಿ ಹೊಸ ಬಗೆಯ ಡೇಟಾಬೇಸು ಮಾಡುತ್ತದೆ, ಒಂದೇ ವಿಷಯವನ್ನು ಲೋಕದ ತುಂಬ ಪ್ರತಿ ಮಾಡಿ ಇಡುವಂಥದ್ದು. ಮೊನ್ನೆ ಅವನ ಮೇಲೆ ಹರಿಹಾಯ್ದೆ. ನನ್ನನ್ನು ಅವನು ಟೀಯಾ ಎನ್ನುತ್ತಾನಲ್ಲ, ನಮ್ಮ ದ್ವೀಪದ ಮಾತಿನಲ್ಲಿ ಚಿಕ್ಕಮ್ಮ.

"ಟೀಯಾ, ನಿನ್ನ ಕಾಲದಲ್ಲಿ ಒಂದು ಮಶೀನು, ಒಂದು ರೂಮು. ಈಗ ಟೋಕಿಯೋದಲ್ಲೊಂದು ಪ್ರತಿ, ಡಬ್ಲಿನ್ನಲ್ಲೊಂದು ಪ್ರತಿ. ಒಂದು ಸತ್ರೂ ಇನ್ನೊಂದು ಇರತ್ತೆ. ಸ್ವಲ್ಪ ಹೊತ್ತು ಒಂದಕ್ಕೊಂದು ತಾಳೆಯಾಗದೇ ಇರ್ಬೋದು, ಕೊನೆಗೆ ಎಲ್ಲಾ ಹೊಂದ್ಕೋತವೆ."

"ಕೊನೆಗೆ ಅಂದ್ರೆ ಯಾವಾಗ?"

"ಅದನ್ನ ಇಂಥ ಹೊತ್ತಿಗೇ ಅಂತ ಹೇಳಕ್ಕಾಗಲ್ಲ."

"ನನ್ನ ಎದೆಗೆ ಹೇಳು ಹೋಗು ಅದನ್ನ."

ಅವನು ಚಮಚ ಕೆಳಗಿಟ್ಟ. ಅವನ ಅಮ್ಮ ಹೋದ ಮೇಲೆ ಬ್ಯಾಂಕಿಗೆಲ್ಲ ತಿಳಿಸಿದ್ದು ಅವನೇ. ಪರದೆಯಲ್ಲಿ ಮೊದಲ ಹೆಸರು, ಕೊನೆಯ ಹೆಸರು, ಎರಡಕ್ಕೇ ಜಾಗವಿತ್ತಂತೆ. ಅದರಲ್ಲಿ ಅವನ ತಪ್ಪೇನಿದೆ? ನಾನೇ ಸೋತು ಇನ್ನಷ್ಟು ಸೂಪು ಬಡಿಸಿದೆ. ಕುಡಿಯುತ್ತ ಕುಡಿಯುತ್ತ ಅವನೇ ಹೇಳಿದ, ಇಷ್ಟೆಲ್ಲ ಹೊಸದರ ಕೆಳಗೆ ಅಗೆದು ನೋಡಿದರೆ ಈಗಲೂ ಇರುವುದು ನಮ್ಮ ಕೋಷ್ಟಕಗಳೇ ಅಂತೆ, ನಾಳೆ ಆ ಮಾತಾಡುವ ಯಂತ್ರಗಳೂ ಒಳಗೊಳಗೆ ಅವನ್ನೇ ಕೇಳಬೇಕಂತೆ. ಆಗಾಗ ಯಾರಾದರೂ ಎದ್ದು, ರಿಲೇಶನಲ್ ಸತ್ತಿತು ಎಂದು ಸಾರುತ್ತಾರಂತೆ, ಅದು ಮಾತ್ರ ಕೆಲಸಕ್ಕೆ ಬರುತ್ತಲೇ ಇರುತ್ತದಂತೆ. ಹಾಗಾದರೆ ಅದಕ್ಕೂ ನನಗೂ ಒಂದೇ ಗತಿ ಎಂದೆ. ಅವನು ನಗಲಿಲ್ಲ.

"ನೀನೇ ಏನಾದ್ರೂ ಮಾಡಕ್ಕಾಗಲ್ವೇನೋ?"

"ನಾನು ಬೀಗ ಮಾಡೋನು ಟೀಯಾ. ಯಾರ ಮನೆ ಬೀಗದ ಕೈಯೂ ನನ್ನ ಹತ್ರ ಇರಲ್ಲ."

ಒಹಾನಿಯನ್ ಇನ್ನೊಂದು ಚಿತ್ರ ತೆಗೆಸಿದರು. ಅದನ್ನು ನೋಡಿ ನನ್ನ ಭುಜ ತಟ್ಟಿದರು. ಅವರು ತಟ್ಟುವ ಪೈಕಿಯಲ್ಲ, ಅದಕ್ಕೇ ಹೆದರಿಕೆಯಾಯಿತು.

ನಿನ್ನ
ಮರಿಯಾ

---

ಸ್ಯಾನ್ ಹೋಸೆ
ನವೆಂಬರ್ 12

ಪ್ರೀತಿಯ ವಿನ್ನಿ,

ಈ ಸಲವೂ ತಡವಾಯಿತು. ಕೈ ಎತ್ತಿದರೆ ಉಸಿರು ಸಾಲುವುದಿಲ್ಲ, ಅದಕ್ಕೆ ಸ್ವಲ್ಪ ಸ್ವಲ್ಪವೇ ಬರೆಯುತ್ತಿದ್ದೇನೆ. ಅಕ್ಷರ ಕೋಳಿ ಕೆದರಿದ ಹಾಗಿದ್ದರೆ ನಿನ್ನ ಮಗಳ ಕೈಲಿ ಓದಿಸು.

ಕೊನೆಗೂ ಎಲ್ಲ ಪ್ರತಿಗಳೂ ಒಂದಕ್ಕೊಂದು ತಾಳೆಯಾದವು! ಗಿಲ್ ಹೇಳಿದ್ದು ಸುಳ್ಳಾಗಲಿಲ್ಲ. ಅಕ್ಟೋಬರ್ ಕೊನೆಗೆ ಸರ್ಕಾರಿ ಲಕೋಟೆ ಬಂತು. ಜಗಲಿಯಲ್ಲೇ ನಿಂತು ಹರಿದೆ. ತಪ್ಪಿಗೆ ವಿಷಾದಿಸುತ್ತೇವೆ, ನಿಮ್ಮನ್ನು ಜೀವಂತವೆಂದು ದಾಖಲಿಸಿದ್ದೇವೆ, ಎಲ್ಲ ಸೌಲಭ್ಯಗಳೂ ಮತ್ತೆ ಸಿಗುತ್ತವೆ ಎಂದಿತ್ತು. ಮೇಲೆ ಹೆಸರು ನೋಡಿದೆ. ಮರಿಯಾ ಸಿ. ದುತ್ರಾ. ಸಿ ಎಂದರೆ ಕಾರ್ಮೊ. ಅವಳು, ನಾನಲ್ಲ. ಒಂದು ಗಳಿಗೆ ನನಗೆಷ್ಟು ಸಂತೋಷವಾಯಿತೆಂದರೆ ಒಳಗೆ ತಿರುಗಿ, "ಕಾರ್ಮೊ, ನೋಡೇ ಇಲ್ಲಿ" ಎಂದು ಕೂಗಿಬಿಟ್ಟೆ. ಕೂಗಿದ ಮೇಲೆ ಜಗಲಿಯ ಕಂಬ ಹಿಡಿದುಕೊಂಡೆ. ಎದುರು ಮನೆಯವಳು ನೀರು ತಂದುಕೊಟ್ಟಳು.

ಫೋನಿನಲ್ಲಿ ಬಹಳ ಹೊತ್ತು ಕಾದ ಮೇಲೆ ಈ ಸಲ ನಿಜವಾದ ಹೆಂಗಸೊಬ್ಬಳು ಸಿಕ್ಕಿದಳು. ಕೂಡಿಹೋಗಿದ್ದ ಸಾಲನ್ನು ಬಿಡಿಸುವಾಗ ಯಂತ್ರ ಇಬ್ಬರಲ್ಲಿ ಮೊದಲನೆಯವಳನ್ನು ಉಳಿಸಿಕೊಂಡಿದೆ.

"ಇಬ್ರಲ್ಲಿ ಒಬ್ರು ತೀರ್ಕೊಂಡಿದಾರೆ, ಒಬ್ರು ಇದೀರ. ದಾಖಲೇಲೂ ಹಾಗೇ ಇದೆ. ಲೆಕ್ಕ ಸರಿಯಾಗೇ ಇದೆಯಲ್ಲಮ್ಮ" ಎಂದಳು.

"ಲೆಕ್ಕ ಸರಿ ತಾಯಿ, ಆಳು ತಪ್ಪು."

"ಅದಕ್ಕೆ ಹೊಸದಾಗಿ ಅರ್ಜಿ ಹಾಕ್ಬೋದು. ವಿಚಾರಣೆ ಮುಗಿಯೋ ತನಕ ಇಬ್ರದ್ದೂ ನಿಲ್ಲತ್ತೆ. ಹಾಕ್ಲಾ?"

ಫೋನು ಇಟ್ಟುಬಿಟ್ಟೆ. ಇಷ್ಟು ವರ್ಷ ಜಗಳಗಂಟಿ ಎನ್ನಿಸಿಕೊಂಡ ನಾನು!

ಒಹಾನಿಯನ್‌ಗೆ ಹೇಳಿದೆ. ಅಷ್ಟು ಕಾಲ ನಿಮ್ಮ ಹತ್ತಿರ ಇಲ್ಲ ಎಂದರು. ನೇರವಾಗಿ ಹೇಳಿದ್ದಕ್ಕೆ ಅವರ ಮೇಲೆ ಸಿಟ್ಟಿಲ್ಲ. ಹೊರಗೆ ಬಂದಾಗ ದಿನ ಗೊತ್ತುಮಾಡುವ ಮೇಜಿನ ಡೆಲ್ಫಿನ್ ನನ್ನನ್ನು ಹತ್ತಿರ ಕರೆದಳು. ಇಷ್ಟು ತಿಂಗಳಲ್ಲಿ ನನಗೂ ಅವಳಿಗೂ ಎಷ್ಟು ಸಲುಗೆ ಬೆಳೆದಿದೆಯೆಂದರೆ ಅವಳ ಮಗಳ ಮದುವೆಯ ಉಡುಪಿನ ಬಣ್ಣವೂ ನನಗೆ ಗೊತ್ತು.

"ನಿಮ್ಮಕ್ಕನ ನಂಬರ್ ಹಾಕಿ ನೋಡ್ದೆ. ವಿಮೆ ಒಪ್ಕೊಂತು. ಹುಟ್ಟಿದ ದಿನ ಅದೇ, ಮನೆ ಅದೇ, ಫೋಟೋದಲ್ಲಿ ಮುಖಾನೂ ಅದೇ. ನಾನೇನೂ ಕೇಳಲ್ಲ ಕಣಮ್ಮ, ನೀವೇನೂ ಹೇಳ್ಬೇಡಿ" ಎಂದಳು.

ನಾನು ಆಗುವುದಿಲ್ಲ ಎಂದೆ. ನೀನಾದರೂ ಇನ್ನೇನು ಹೇಳುತ್ತಿದ್ದೆ? ಸುಳ್ಳು ಸಾಲೊಂದು ಕೋಷ್ಟಕದೊಳಗೆ ಬಾರದ ಹಾಗೆ ಕಾವಲು ಕಾಯುವುದೇ ನಮ್ಮ ಜನ್ಮದ ಕೆಲಸವಾಗಿತ್ತು. ಈಗ ನಾನೇ ಹೋಗಿ ಸುಳ್ಳು ಸಾಲಾಗಿ ಮಲಗಬೇಕೇ? ಗಿಲ್ ಅಡುಗೆಮನೆಯಲ್ಲಿ ನನ್ನ ಕುರ್ಚಿಯ ಮುಂದೆ ನೆಲದ ಮೇಲೆ ಕೂತುಬಿಟ್ಟ.

"ಅಮ್ಮ ಇದ್ದಿದ್ರೆ ಏನಂತಿದ್ಲು ಹೇಳು ಟೀಯಾ. 'ಫಾತಿ, ಚಳಿ ಇದೆ, ನನ್ನ ಕೋಟು ಹಾಕ್ಕೊಂಡು ಹೋಗು' ಅಂತಿದ್ಲು. ಅಷ್ಟೇ ಇದು. ಕೋಟು."

ಅವನ ಕಣ್ಣು ಥೇಟ್ ಅವಳದೇ. ಒಬ್ಬಳನ್ನು ಕಳಿಸಿದ್ದಾನೆ, ಇನ್ನೊಬ್ಬಳನ್ನೂ ಕಳಿಸು ಎಂದು ಯಾವ ಬಾಯಲ್ಲಿ ಹೇಳಲಿ? ಮಾರನೆಯ ದಿನ ಹೋಗಿ ಎಲ್ಲ ಕಾಗದಕ್ಕೂ ಅವಳ ಹೆಸರಿನಲ್ಲಿ ರುಜು ಹಾಕಿದೆ. ಒಹಾನಿಯನ್‌ಗೆ ಎಲ್ಲ ಗೊತ್ತು. "ಯಾರ ಎದೆ ತೆಗೀತಿದೀನಿ ಅಂತ ನಂಗೆ ಗೊತ್ತಿದೆ. ನಿಮ್ಮ ಚಿತ್ರಗಳನ್ನೇ ಇಟ್ಕೊಂಡು ಮಾಡ್ತೀನಿ. ಕಾಗದ ನನ್ನ ಇಲಾಖೆಯಲ್ಲ" ಎಂದರು. ನಾಡಿದ್ದು ಮಂಗಳವಾರ ಬೆಳಿಗ್ಗೆ ಆಪರೇಷನ್.

ಟೊಮೇಟೊ ಗಿಡ ಕಿತ್ತು ಮಣ್ಣು ಹದ ಮಾಡಿಟ್ಟಿದ್ದೇನೆ. ಗಿಲ್ ಕೇಲ್ ಸೊಪ್ಪು ಹಾಕುತ್ತಾನಂತೆ, ನೋಡೋಣ. ನಿನ್ನ ಮಂಡಿ ಬೇಗ ವಾಸಿಯಾಗಲಿ, ಆಸ್ಟೋರಿಯಾದ ಮಂಜು ಸರಿದು ನಿನ್ನ ಕಿಟಕಿಗೆ ನಾಲ್ಕು ದಿನ ಬಿಸಿಲು ಬೀಳಲಿ. ದೇವಮಾತೆ ನಿನ್ನನ್ನೂ ನಿನ್ನ ಮಗಳನ್ನೂ ಸೆರಗಿನಲ್ಲಿಟ್ಟು ಕಾಪಾಡಲಿ. ನೀನು ದೇವರನ್ನು ನಂಬುವುದಿಲ್ಲವೆಂದು ಗೊತ್ತು, ನಿನ್ನ ಪಾಲಿಗೂ ಸೇರಿಸಿ ನಾನೇ ನಂಬುತ್ತೇನೆ.

ನಿನ್ನ
ಮರಿಯಾ

ಮರೆತಿದ್ದು: ನಾಡಿದ್ದು ನನ್ನ ಮಣಿಕಟ್ಟಿಗೆ ಹೆಸರಿನ ಪಟ್ಟಿ ಕಟ್ಟುತ್ತಾರೆ, ಕಾರ್ಮೊಳ ಹೆಸರಿನದು. ಅಮ್ಮನ ಕೆಂಪು ದಾರ ಈಗ ನನ್ನ ಕೈಗೆ ಬಂತು. ನಾನು ಎದ್ದು ಬಂದರೆ ಅವಳಾಗಿ ಬರುತ್ತೇನೆ. ಏಳದಿದ್ದರೆ ಅವಳು ಸತ್ತಳೆಂದು ಇನ್ನೊಂದು ಸಲ ಬರೆದುಕೊಳ್ಳುತ್ತಾರೆ. ನನ್ನ ಸಾವನ್ನು ಯಾರೂ ಬರೆಯಬೇಕಾಗಿಲ್ಲ, ಅದು ಮಾರ್ಚ್ 22ಕ್ಕೇ ಆಗಿದೆ. ಆವತ್ತು ಅವಳ ಕಾಲು ತಣ್ಣಗಾಗುತ್ತಿತ್ತು, ನಾನು ಎರಡೂ ಕೈಯಲ್ಲಿ ತಿಕ್ಕುತ್ತಿದ್ದೆ. ಇದನ್ನೆಲ್ಲ ಹೇಗಾದರೂ ಸಹಿಸಬಹುದು, ವಿನ್ನಿ. ಇನ್ನೊಂದನ್ನು ಸಹಿಸಲಾಗುತ್ತಿಲ್ಲ. ಶಾಲೆಯಲ್ಲಿ, ಕ್ಯಾನರಿಯಲ್ಲಿ, ಲ್ಯಾಬಿನಲ್ಲಿ ನಾನು ಎಲ್ಲರಿಗೂ ಮರಿಯಾ, ನಿನಗೂ ಮರಿಯಾ. ಗಿಲ್‌ಗೆ ಟೀಯಾ. ಫಾತಿಮಾ ಎಂದು, ಫಾತಿ ಎಂದು ಈ ಲೋಕದಲ್ಲಿ ನನ್ನನ್ನು ಕರೆಯುತ್ತಿದ್ದವಳು ಅವಳೊಬ್ಬಳೇ. ಅವಳು ಹೋದ ಮೇಲೆ ಆ ಹೆಸರಿನಿಂದ ನನ್ನನ್ನು ಯಾರೂ ಕರೆದಿಲ್ಲ. ಯಂತ್ರಕ್ಕೆ ನಾನು ಇಲ್ಲವೆನ್ನಿಸಿದ್ದು ತಪ್ಪೆಂದು ಜಗಳವಾಡಿಕೊಂಡು ತಿರುಗಿದೆ, ಆದರೆ ಮನೆಯಲ್ಲಿ ಒಬ್ಬಳೇ ಕೂತಾಗ ಅದು ಹೇಳುವುದೇ ನಿಜವಿರಬಹುದೇ ಎನ್ನಿಸುತ್ತದೆ. ಈ ಪತ್ರಕ್ಕೆ ತಡಮಾಡದೆ ಉತ್ತರ ಬರೆ. ಎರಡೇ ಗೆರೆ ಸಾಕು. ಮೇಲೆ ಮಾತ್ರ 'ಪ್ರೀತಿಯ ಫಾತಿಮಾ' ಎಂದು ಬರೆ. ಅಷ್ಟರಲ್ಲಿ ನಾನಿಲ್ಲದಿದ್ದರೆ ಗಿಲ್ ಅದನ್ನು ಒಡೆದು ಅವಳ ಪಕ್ಕದ ಮಣ್ಣಿನಲ್ಲಿ ಮಲಗಿರುವ ನನಗೆ ಗಟ್ಟಿಯಾಗಿ ಓದಿ ಹೇಳುತ್ತಾನೆ, ಮಾತು ಕೊಟ್ಟಿದ್ದಾನೆ.